ಅನಸುಬಾಯಿಯ ಒಂದೇ ಫೋಟೊ

ಲುಂಬಿನಿ ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಿಂತು ಫ್ಲೆಕ್ಸಿನ ಹಗ್ಗಕ್ಕೆ ಕುಡಗೋಲು ಹಚ್ಚಿದ್ದಳು. ಸತ್ತ ತಾಯಿಯನ್ನು ಅಂಗಳದಲ್ಲಿ ಮಲಗಿಸಿ, ಹೀಗೆ ವಾಡಿಯ ಸರ್ಕಲಿಗೆ ಓಡಿ ಬರುವ ಮಗಳು ಯಾವ ಊರಲ್ಲಿದ್ದಾಳೆ? ಕೆಳಗೆ ಏಣಿ ಹಿಡಿದಿದ್ದ ಫ್ಲೆಕ್ಸ್ ಅಂಗಡಿಯ ಶಾಕೀರನಿಗೆ ಬೆವರು ಕಿತ್ತುಕೊಂಡಿತ್ತು.

"ಅಕ್ಕಾ, ಇದರಾಗ ನಂದೇನ್ ತಪ್ಪದ? ನಿಮ್ಮ ಮಾಮಾನೇ ಕೊಟ್ಟಾರ. ದೊಡ್ಡದು ಮಾಡು ಅಂದ್ರು, ಮಾಡೀನಿ."

"ಕಣ್ಣಿದ್ದಿಲ್ಲೇನು ನಿನಗ? ಇದು ನಮ್ಮವ್ವನ ಫೋಟೊ ಏನು?"

ಎಂಟಡಿ ಫ್ಲೆಕ್ಸು. ಮೇಲೆ ಬುದ್ಧ, 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ 'ಅನಸುಬಾಯಿ ನಾಮದೇವ, ಬಿಸಿಯೂಟದ ಅಡುಗೆಯವರು'. ನಡುವೆ ಹತ್ತೊಂಬತ್ತರ ಹುಡುಗಿ. ತೋಳಿಲ್ಲದ ರವಿಕೆ, ಸೊಂಟದ ಮೇಲೆ ಕೈ, ತಲೆಯ ಮೇಲೆ ಕಿರೀಟ. ಹೆಗಲಿನಿಂದ ಇಳಿದ ಪಟ್ಟಿಯ ಮೇಲೆ ಹಿಂದಿ ಅಕ್ಷರ: ಅಖಿಲ ಭಾರತ ಸುಂದರಿ, ೧೯೮೧, ಮೂರನೇ ಸ್ಥಾನ. ಚಹಾದಂಗಡಿಯವರು ಕಪ್ಪು-ಬಸಿ ಅಲ್ಲೇ ಬಿಟ್ಟು ರಸ್ತೆಗೆ ಬಂದು ನಿಂತಿದ್ದರು.

ಈಗ ಈ ಕಡೆ ಫ್ಲೆಕ್ಸ್ ಇಲ್ಲದೆ ಹೆಣ ಏಳುವುದಿಲ್ಲ. ಅನಸುಬಾಯಿಯದೋ ಒಂದು ನೆಟ್ಟಗಿನ ಫೋಟೊ ಇರಲಿಲ್ಲ. ಮದುವೆಮನೆಯಲ್ಲಿ ಕ್ಯಾಮೆರಾ ಕಂಡರೆ ಸಾಕು, ಎದ್ದು ಅಡುಗೆ ಕಡೆ ಹೋಗಿಬಿಡುತ್ತಿದ್ದಳು. ಆಧಾರ್ ಕಾರ್ಡಿನಲ್ಲಿ ಮುಖವೇ ತಿಳಿಯದು. ಅದಕ್ಕೇ ಬೆಳಿಗ್ಗೆ ಲುಂಬಿನಿ ಶಹಾಬಾದಿನ ಸೋದರಮಾವ ಭಗವಂತನಿಗೆ ಫೋನು ಹಚ್ಚಿದ್ದಳು. "ಒಂದೇ ಒಂದು ಅದ ನನ್ನ ಬಲ್ಲಿ" ಎಂದಿದ್ದ. ಶಾಕೀರನಿಗೆ ಕಳಿಸಿಬಿಡು ಎಂದಿದ್ದಳು. ನೋಡಲು ಪುರುಸೊತ್ತೆಲ್ಲಿತ್ತು?

ಆಟೋ ಬಂದು ನಿಂತಿತು. ಭಗವಂತ ಇಳಿದ.

"ಕೊಯ್ಯಬ್ಯಾಡ ಲುಂಬಿನಿ. ತೆಳಗ ಇಳಿ."

"ಯಾರಿಕಿ ಮಾಮಾ?"

"ನಿಮ್ಮವ್ವ."

"ಸುಳ್ಳು!"

"ಖರೇ. ಆಕಿ ಹೆಣ ಮನ್ಯಾಗ ಇಟ್ಕೊಂಡು ಸುಳ್ಳು ಹೇಳ್ತೀನೇನು?"

ಲುಂಬಿನಿ ಫ್ಲೆಕ್ಸಿನ ಕಡೆ ತಿರುಗಿದಳು. ಮತ್ತೆ ನೋಡಿದಳು. ಆ ಎತ್ತಿದ ಗದ್ದ.

* * *

ಹೋದ ವರ್ಷ ಟಿವಿಯಲ್ಲಿ ಸುಂದರಿ ಸ್ಪರ್ಧೆಯ ಇತಿಹಾಸ ತೋರಿಸಿದ್ದರು. ವರ್ಷಕ್ಕೆ ಮೂವರಂತೆ, ಮೊದಲಿನಿಂದ. ಅನಸುಬಾಯಿ ಮೆಂತ್ಯೆಪಲ್ಯ ಬಿಡಿಸುತ್ತ ಒಬ್ಬೊಬ್ಬರಲ್ಲೂ ಕೊರತೆ ಹುಡುಕುತ್ತಿದ್ದಳು. "ಈಕಿ ನೆಲ ನೋಡ್ತಾಳ. ಗದ್ದ ಮ್ಯಾಲ ಇರಬೇಕು." ಲುಂಬಿನಿಗೆ ನಗು. ಚಿಕ್ಕಂದಿನಲ್ಲಿ ಸಾಲಿಗೆ ಹೊರಟಾಗಲೂ ಅವ್ವ ದಿನಾ ಗದ್ದಕ್ಕೆ ಬೆರಳು ಹಚ್ಚಿ ಎತ್ತುತ್ತಿದ್ದಳು, ಗದ್ದ ಮ್ಯಾಲ ಮಾಡಿ ನಡಿ ಎಂದು.

ಎಂಬತ್ತೊಂದು ಬಂತು. ಎರಡು ಮುಖ, ಮೂರನೆಯದು ಖಾಲಿ ಚೌಕ. ಈ ಸ್ಪರ್ಧಿಯ ಚಿತ್ರ ಸಿಕ್ಕಿಲ್ಲ ಎಂದರು.

"ಯಾರಿದ್ಳೋ ಪಾಪ" ಎಂದಳು ಲುಂಬಿನಿ.

"ಯಾರರ ಇರ್ಲಿ ಬಿಡು. ಬ್ಯಾಳಿ ಉಕ್ಕಾಕತ್ತದ" ಎಂದು ಅನಸುಬಾಯಿ ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

* * *

"ಮುಂಬೈದಾಗ ನಮ್ಮ ಮಾವಶಿ, ಅವ್ವನ ತಂಗಿ, ಇದ್ಳು," ಭಗವಂತ ಏಣಿಗೆ ಕೈಕೊಟ್ಟು ಹೇಳಿದ. "ಅಕ್ಕ ಬ್ಯಾಸಗಿ ಸೂಟಿಗಿ ಹೋಗಿದ್ಳು. ಮಾವಶಿ ಮಗಳೇ ಸ್ಪರ್ಧಾದ ಫಾರಂ ತುಂಬಿದ್ಳು. ಗೆದ್ದ ಮರುದಿನಾ ಅಪ್ಪ ಹೋಗಿ ಎಳಕೊಂಡು ಬಂದ. ಹದಿನೈದು ದಿನದಾಗ ನಿಮ್ಮಪ್ಪಗ ಕೊಟ್ಟು ಲಗ್ನ ಮಾಡಿದ್ರು. ಮತ್ತೊಮ್ಮಿ ಫೋಟೊ ತೆಗಿಸ್ಕೊಂಡ್ರ ನನ್ನ ಹೆಣ ನೋಡ್ತಿ ಅಂತ ಆಣಿ ಹಾಕಿದ್ದ ಅಪ್ಪ."

"ಮತ್ತ ಈ ಫೋಟೊ?"

"ಆಮ್ಯಾಲ ಪೋಸ್ಟಿನಾಗ ಬಂತು. ಅಪ್ಪ ಒಲಿಗಿ ಹಾಕು ಅಂದ. ನಾ ಪಾಟಿಚೀಲದಾಗ ಮುಚ್ಚಿಟ್ಟೆ."

"ಅವ್ವ ನೋಡ್ಯಾಳೇನು ಇದನ್ನ?"

ಭಗವಂತ ಇಲ್ಲವೆಂದು ತಲೆಯಾಡಿಸಿದ. "ಕೊಡಬೇಕು ಕೊಡಬೇಕು ಅಂತ ನಲವತ್ತು ವರ್ಷ ಆಯ್ತು. ಅಪ್ಪ ಸತ್ತ ಮ್ಯಾಲೂ ಧೈರ್ಯ ಆಗ್ಲಿಲ್ಲವ್ವ."

ಲುಂಬಿನಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಅಳುವೂ ಬಂತು. ಅಷ್ಟರಲ್ಲಿ ನೆರೆಮನೆಯ ಮಾಳಮ್ಮ ಏದುಸಿರು ಬಿಡುತ್ತ ಬಂದಳು.

"ಹೆಣ ಎತ್ಯಾರ, ಇದೇ ದಾರಿಲೇ ಬರಾಕತ್ತಾರ. ಲಗೂನ ಇಳಸವ್ವ ಅದನ್ನ. ಸಾಯೋತನಕ ಮರ್ಯಾದೆಲೇ ಬಾಳಿದಾಕಿ, ಇವತ್ತ ಮಂದಿ ಬಾಯಿಗಿ ಬೀಳ್ತಾಳ."

ಒಂದು ಹಗ್ಗ ಅರ್ಧ ಹರಿದಿತ್ತು. ಲುಂಬಿನಿ ಕುಡಗೋಲನ್ನು ಕೆಳಗೆ ಒಗೆದಳು. "ಶಾಕೀರಾ, ಹಗ್ಗ ಕೊಡು. ಬಿಗಿಯಾಗಿ ಕಟ್ಟತೀನಿ" ಎಂದಳು.

"ಹುಚ್ಚು ಹಿಡದದೇನ ನಿನಗ!" ಮಾಳಮ್ಮ ಎದೆ ಬಡಿದುಕೊಂಡಳು.

'ಬುದ್ಧಂ ಸರಣಂ ಗಚ್ಛಾಮಿ' ಹತ್ತಿರ ಬಂತು. ಲುಂಬಿನಿ ಇಳಿದು ಅಡ್ಡ ನಿಂತಳು. ಹೊತ್ತವರು ಫ್ಲೆಕ್ಸಿನ ಬುಡದಲ್ಲೇ ನಿಂತರು. ಜನ ಮೇಲೊಮ್ಮೆ, ಕೆಳಗೊಮ್ಮೆ ನೋಡಿದರು.

"ಒಂಚೂರು ತೆಳಗ ಇಳಸ್ರಿ."

ಭುಜಗಳು ತಗ್ಗಿದವು. ಲುಂಬಿನಿ ಬಿಳಿ ಅರಿವೆ ಸರಿಸಿ, ತಾಯಿಯ ಗದ್ದದ ಕೆಳಗೆ ಬೆರಳು ಹಚ್ಚಿ, ಮೆಲ್ಲಗೆ ಮೇಲಕ್ಕೆತ್ತಿದಳು.

"ಗದ್ದ ಮ್ಯಾಲ, ಅವ್ವಾ. ನೋಡು."