ಸ್ಲ್ಯಾಬಿನ ಮೇಲಿನ ಅಂಗೈ

"ಬೇವರ್ಸಿ, ಒಂದು ಬುಟ್ಟಿ ಹಿಡಿಯಲಿಕ್ಕೂ ಆಗುದಿಲ್ವಾ? ಕೈ ಉಂಟಲ್ವಾ?"

ಸಿಮೆಂಟಿನ ಬುಟ್ಟಿ ಹುಲಿಗೆವ್ವಳ ಬಲಗೈಯಿಂದ ಜಾರಿ ಸೂಪರ್‌ವೈಸರ್ ರೂಪೇಶನ ಬೂಟಿನ ಮೇಲೆ ಬಿದ್ದಿತ್ತು. ಕೈಯೇನೋ ಇತ್ತು. ಕಿರುಬೆರಳು, ಉಂಗುರಬೆರಳು ಕೊಕ್ಕೆಯಂತೆ ಮಡಚಿದ್ದವು. ಹೆಬ್ಬೆರಳಿನ ಬುಡದಲ್ಲಿ ಮಾಂಸ ಇಳಿದು ಗುಂಡಿ ಬಿದ್ದಿತ್ತು. ರೊಟ್ಟಿ ಬಡಿದರೆ ಅಂಚು ಹರಿಯುತ್ತಿತ್ತು.

ಹತ್ತು ತಿಂಗಳ ಹಿಂದೆ ಕಾಪುವಿನ ಇದೇ ಕಟ್ಟಡದಲ್ಲಿ ಕಬ್ಬಿಣ ಕೊಯ್ಯುವ ಬ್ಲೇಡು ಒಡೆದು ಅವಳ ಬಲ ಮೊಣಕೈಗೆ ಹಾರಿತ್ತು. ರೂಪೇಶ ತೋರಿಸಿದ ಕ್ಲಿನಿಕ್ಕಿನಲ್ಲಿ ಏಳು ಹೊಲಿಗೆ; ಚೀಟಿ ಕೊಟ್ಟಿರಲಿಲ್ಲ. ವಾರದ ಮೇಲೆ, "ಬೆರಳು ನೋಯ್ತದಾ?" ಎಂದಿದ್ದ.

"ಇಲ್ರಿ, ಏನೂ ಗೊತ್ತಾಗಂಗಿಲ್ಲ."

"ಹಾಗಾದ್ರೆ ವಾಸಿ."

ಅವಳೂ ನಂಬಿದ್ದಳು. ರೊಟ್ಟಿಯ ಹಂಚು ತಾಗಿ ಬೆರಳು ಸುಟ್ಟ ವಾಸನೆ ಬಂದಾಗಲೂ ನೋಯಲಿಲ್ಲವೆಂದು ಹಿಗ್ಗಿದ್ದಳು.

ಕೆಲಸದಲ್ಲಾದ ಗಾಯಗಳ ತನಿಖೆಗೆ ಲೇಬರ್ ಆಫೀಸಿನವರು ಬರುತ್ತಾರೆಂಬ ಸುದ್ದಿ ಹಬ್ಬಿದ ಮರುದಿನ ರೂಪೇಶನೇ ಅವಳನ್ನು ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದ. ಉದ್ಯಾವರದಲ್ಲಿ ಎಳನೀರು ಕುಡಿಸಿದ. ಈ ಬಾಡ್ಯಾನಿಗೆ ಇವತ್ತೇನು ಬಂತು?

ಡಾಕ್ಟರ್ ಚೈತನ್ಯಾ ಅವಳ ಬೆರಳ ಸಂದಿಗೆ ಕಾಗದ ಸಿಕ್ಕಿಸಿ, ಬಿಗಿಯಾಗಿ ಹಿಡಿಯಲು ಹೇಳಿ ಎಳೆದರು. ಸಲೀಸಾಗಿ ಬಂತು.

"ಗಾಯ ಯಾವಾಗ ಆದದ್ದು?"

"ಎರಡು ವರ್ಷ ಮೇಡಂ," ರೂಪೇಶನೇ ಹೇಳಿದ. "ಇವಳ ಊರಲ್ಲಿ, ಕತ್ತಿ ತಾಗಿ."

"ಸುಳ್ರಿ! ಹತ್ತ ತಿಂಗಳಾತು. ನಮ್ಮ ಸ್ಲ್ಯಾಬ್ ಹಾಕಿದ ದಿನ!"

"ಇವಳಿಗೆ ದಿನ ಎಣಿಸ್ಲಿಕ್ಕೆ ಬರುದಿಲ್ಲ ಮೇಡಂ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಚರ್ಮ ಹೊಲಿದಿದ್ದಾರೆ, ಒಳಗೆ ತುಂಡಾದ ನರ ಹಾಗೇ ಉಂಟು. ಆಗಲೇ ಜೋಡಿಸಬೇಕಿತ್ತು. ನರ ದಿನಕ್ಕೆ ಒಂದು ಮಿಲಿಮೀಟರ್ ಬೆಳೀತದೆ. ತಡ ಆದ್ರೆ ಅದು ಅಂಗೈಗೆ ಬಂದು ಮುಟ್ಟುವಷ್ಟರಲ್ಲಿ ಸ್ನಾಯು ಸತ್ತಿರ್ತದೆ. ಎರಡು ವರ್ಷ ಆಗಿದ್ರೆ ನರ ಜೋಡಿಸಿ ಪ್ರಯೋಜನ ಇಲ್ಲ. ಹತ್ತು ತಿಂಗಳಾದ್ರೆ ಪ್ರಯತ್ನ ಮಾಡಬಹುದು, ಪೂರ್ತಿ ಶಕ್ತಿ ಬರುದಿಲ್ಲ. ಸರಿಯಾದ ತಾರೀಕು ತನ್ನಿ. ಬೇಗ."

ಹಿಂದಿರುಗುವಾಗ ರೂಪೇಶ ಫೋನಿನಲ್ಲಿ ಪಿಸುಗುಟ್ಟಿದ: "ಟೆರೇಸಿನ ಆ ಮೂಲೆ ಇವತ್ತೇ ಮುಚ್ಚು ಮಾರಾಯ."

ಅವಳಿಗೆ ಅರ್ಥವಾಯಿತು. ಸ್ಲ್ಯಾಬ್ ಹಾಕಿದ ಬೆಳಿಗ್ಗೆ ಮೇಸ್ತ್ರಿ ಹಸಿ ಕಾಂಕ್ರೀಟಿನಲ್ಲಿ ಮೊಳೆಯಿಂದ ತಾರೀಕು ಗೀಚಿದ್ದ. ಅದರ ಕೆಳಗೆ ಅವಳು ಐದೂ ಬೆರಳು ಅರಳಿಸಿ ಅಂಗೈ ಒತ್ತಿದ್ದಳು. ಬ್ಲೇಡು ಒಡೆದದ್ದು ಅಂದೇ ಮಧ್ಯಾಹ್ನ.

ಕಾರು ನಿಲ್ಲುತ್ತಲೇ ಮೆಟ್ಟಿಲು ಹತ್ತಿ ಓಡಿದಳು. ಅಲ್ಲೇ ಕೂಲಿಗಿದ್ದ ಅವಳ ತಮ್ಮ ಭೀಮೇಶ ವಿಷಯ ತಿಳಿಯದೆ ಆ ಮೂಲೆಯಲ್ಲೇ ಟೈಲ್ಸ್ ಹಾಸುತ್ತಿದ್ದ. ಗಾರೆಯ ಬಾಂಡ್ಲಿಯನ್ನು ಒದ್ದಳು. ಎಡಗೈಯಿಂದ ಹಸಿ ಗಾರೆ ಬಳಿದೆಸೆದಳು. ತಾರೀಕು, ಅಂಗೈಯ ಅಚ್ಚು ಕಂಡವು.

"ಭೀಮ್ಯಾ, ಕರಣಿ ಬಿಡು. ಫೋನ್ ತಗಿ, ಫೋಟೊ ಹೊಡಿ!"

"ಇಳಿಯೇ ಕೆಳಗೆ, ದರಿದ್ರದವಳೇ!" ರೂಪೇಶ ಏದುಸಿರು ಬಿಡುತ್ತ ಬಂದ.

ಹುಲಿಗೆವ್ವ ಕೂತು, ಬಲಗೈಯನ್ನು ಆ ಅಚ್ಚಿನ ಮೇಲಿಟ್ಟಳು. ಮೂರು ಬೆರಳು ಕೂತವು. ಎರಡು ಕೂರಲಿಲ್ಲ.

"ಹಚ್ಚಸ್ರಿ ಟೈಲ್ಸು, ನನ್ನ ಕೈ ಮ್ಯಾಲೇ ಹಚ್ಚಸ್ರಿ," ಅಂದಳು. "ನೋಯಂಗಿಲ್ಲ. ವಾಸಿ ಆಗೇತಂತ ನೀವೇ ಹೇಳೀರಲ್ರಿ."