ಊಟದ ನಂತರದ ಪ್ರಶ್ನೆ

ಬೆಟ್ಟದೊಳಗೆ ರೈಲು ಸುರಂಗ ಕೊರೆಯತೊಡಗಿದ ವರ್ಷವೇ ಬೋಂಗ್ ಸುನ್-ರ್ಯೆಯ ಹಿತ್ತಲಿನ ಬುಗ್ಗೆ ಬತ್ತಿತು. ಅತ್ತೆಯ ಕಾಲದಿಂದ ಆ ನೀರಿನಲ್ಲೇ ಸೋಯಾ ನೆನೆಹಾಕಿ ತೋಫು ಮಾಡಿ ಮಾರುತ್ತಿದ್ದ ಮನೆ ಅದು. ನಲ್ಲಿ ನೀರಿನಲ್ಲಿ ಮಾಡಿ ನೋಡಿದಳು. ಗಿರಾಕಿಗಳು ಒಂದು ತುಂಡು ಬಾಯಿಗಿಟ್ಟು, ಮರ್ಯಾದೆಗೆ ನಕ್ಕು ಹೋದವರು ಮತ್ತೆ ಬರಲಿಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸುರಂಗ ನಿಗಮದ ಕಚೇರಿಯಲ್ಲಿ ಕೇಳಿದಾಗಲೆಲ್ಲ ಒಂದೇ ಮಾತು: ಕಾಮಗಾರಿ ನಡೆಯುತ್ತಿದೆ, ಮುಗಿಯುವವರೆಗೆ ಏನೂ ಹೇಳಲಾಗದು.

ಆಗ ಊರಿಗೆ ಬಂದವಳು ಸಂಸದೆ ಓಕ್ ಗುಮ್-ಜು. ಬತ್ತಿದ ಬುಗ್ಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಸುನ್-ರ್ಯೆಯ ಕೈ ಹಿಡಿದುಕೊಂಡಳು.

"ನಿಮಗೆ ಹೇಳಲ್ಲ ಅನ್ನಬಹುದು ಅಮ್ಮಾ, ನಮ್ಮ ಸಂಸತ್ ಸಮಿತಿಗೆ ಹಾಗನ್ನೋಕಾಗಲ್ಲ. ಕೆಲಸ ನಡೀತಿರುವಾಗಲೇ ಕೇಳೋ ಅಧಿಕಾರ ನಮಗಿದೆ. ಮುಗಿದ ಮೇಲೆ ಕೇಳಿ ಏನುಪಯೋಗ?"

ಶರತ್ಕಾಲದಲ್ಲಿ ಸುನ್-ರ್ಯೆ ರಾಜಧಾನಿ ಸೋಲ್‌ಗೆ ಹೋಗಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿಗಳ ಸಾಲಿನಲ್ಲಿ ಕೂತಳು. ಬೆಳಗ್ಗೆ ಓಕ್ ಮೇಜು ಕುಟ್ಟಿ ಕೇಳಿದಳು: ಬುಗ್ಗೆ ಬತ್ತಲು ಸುರಂಗವೇ ಕಾರಣವೇ? ನಿಗಮದ ಅಧ್ಯಕ್ಷ ಪ್ಯೋ ಚಾಂಗ್-ಹೋ ಕಾಮಗಾರಿ ನಡೆಯುತ್ತಿದೆ ಎಂದು ರಾಗ ತೆಗೆದ. ಇಲ್ಲಿ ಆ ಮಾತು ನಡೆಯದು, ಊಟದ ನಂತರ ಉತ್ತರ ಬೇಕೇ ಬೇಕು ಎಂದು ಸಮಿತಿಯ ಮುಖ್ಯಸ್ಥ ಗದರಿದ. ಸುನ್-ರ್ಯೆಯ ಕಣ್ಣು ತುಂಬಿ ಬಂತು. ತಂದಿದ್ದ ಗಿಂಬಾಪ್ ಅನ್ನದ ಸುರುಳಿಗಳನ್ನು ಮೊಗಸಾಲೆಯ ಬೆಂಚಿನ ಮೇಲೆ ಕೂತು ನೆಮ್ಮದಿಯಿಂದ ತಿಂದಳು.

ಮಧ್ಯಾಹ್ನ ಓಕ್ ಮತ್ತೆ ಮೈಕಿನ ಮುಂದೆ ಬಂದಳು. ತನ್ನ ಕ್ಷೇತ್ರಕ್ಕೆ ಈ ಮಾರ್ಗದಲ್ಲಿ ಒಂದು ನಿಲ್ದಾಣ ಕೊಡುವ ವಿಚಾರ ಎಲ್ಲಿಗೆ ಬಂತು ಎಂದು ನಗುನಗುತ್ತ ಕೇಳಿದಳು. ಪ್ಯೋ ಕೂಡ ನಗುತ್ತಲೇ, ಖಂಡಿತ ಆಗುತ್ತದೆ ಎಂದ. ಅಷ್ಟಕ್ಕೆ ಅವಳ ಸರದಿ ಮುಗಿಯಿತು.

ಸುನ್-ರ್ಯೆ ಎದ್ದು ನಿಂತಳು. "ನನ್ನ ನೀರಿನ ಮಾತು ಏನಾಯ್ತು?"

ಕೇಳಿದಾಗ ಮಾತ್ರ ಸಾಕ್ಷಿಗಳು ಮಾತಾಡಬೇಕು ಎಂದ ಮುಖ್ಯಸ್ಥ. ಸಿಬ್ಬಂದಿ ಅವಳ ತೋಳು ಹಿಡಿದು ಮೆಲ್ಲಗೆ ಹೊರಗೆ ಕರೆದೊಯ್ದರು. ಓಕ್ ತಲೆಯೆತ್ತಿ ನೋಡಲಿಲ್ಲ.

ಸಭೆ ಮುಗಿದು ಹೊರಬಂದ ಪ್ಯೋ ಬೆಂಚಿನ ಮೇಲಿದ್ದ ಅವಳನ್ನು ಕಂಡು ಸೊಂಟ ಬಗ್ಗಿಸಿ ವಂದಿಸಿದ.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ಸಮಿತಿಯವ್ರು ಮತ್ತೆ ಕೇಳಿದ್ರೆ ಇವತ್ತು ನಿಜ ಹೇಳಲೇಬೇಕಿತ್ತು. ಉತ್ತರ ಸಿದ್ಧ ಮಾಡ್ಕೊಂಡೇ ಬಂದಿದ್ದೆ. ಊಟ ಆದ್ಮೇಲೆ ಯಾರೂ ಕೇಳ್ಲಿಲ್ಲ."

"ನಾನು ಕೇಳ್ತಿದೀನಲ್ಲ, ಹೇಳಿ."

"ನಿಮಗೆ ಹೇಳೋ ಹಾಗಿಲ್ಲ," ಎಂದ ಆತ, ನಿಜಕ್ಕೂ ನೊಂದವನಂತೆ. "ಕಾಮಗಾರಿ ನಡೀತಿದೆ."

ಆ ಚಳಿಗಾಲ ಸುನ್-ರ್ಯೆ ಅಂಗಡಿ ಮುಚ್ಚಿ, ಪೇಟೆಯ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಓಕ್ ತನ್ನ ನಿಲ್ದಾಣಕ್ಕೆ ಅಡಿಗಲ್ಲು ಹಾಕಿದ್ದು ಅಲ್ಲಿನ ಟಿ.ವಿ.ಯಲ್ಲಿ ಬಂತು. ಜೊತೆಗೆ ಪಾತ್ರೆ ತೊಳೆಯುತ್ತಿದ್ದವಳು, ಯಾರವಳು ಎಂದು ಕೇಳಿದಳು. ಸುನ್-ರ್ಯೆ ಗೊತ್ತಿಲ್ಲವೆಂದು ಹೇಳಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು.