ಕತ್ತರಿಸದೆ ಉಳಿದ ತುಂಡು

ಎರಡು ಗೆರೆ! ಅವಳು ಕನ್ನಡಕ ತೆಗೆದು, ಕೋಟಿನ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಲ್ಯಾಬಿನ ಜೆಲ್ ಚಿತ್ರವನ್ನು ನೋಡಿದಳು; ಆರ್‌ಎನ್‌ಎ ತುಂಡುಗಳು ಉದ್ದಕ್ಕೆ ತಕ್ಕಂತೆ ಗೆರೆಗಳಾಗಿ ನಿಲ್ಲುವ ಚಿತ್ರ. ರಕ್ತದ ಸಾಲಿನಲ್ಲಿ ಒಂದೇ ಗೆರೆ. ಸ್ನಾಯುವಿನ ಸಾಲಿನಲ್ಲಿ ಅದರ ಮೇಲೆ ಇನ್ನೊಂದು, ದಪ್ಪಗೆ, ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು.

ಮೂರು ವರ್ಷದಿಂದ ಹುಡುಕಿದ್ದು ಇದನ್ನೇ. ತಮ್ಮನ ಒಂಬತ್ತು ವರ್ಷದ ಮಗಳ ಸ್ನಾಯುಗಳು ದಿನದಿನಕ್ಕೆ ಸೋಲುತ್ತಿದ್ದವು. ರಕ್ತ ಪರೀಕ್ಷಿಸಿದ ಡಾಕ್ಟರುಗಳೆಲ್ಲ ಏನೂ ತಪ್ಪು ಕಾಣುವುದಿಲ್ಲ ಎಂದು ಕೈಚೆಲ್ಲಿದ್ದರು. ಕಾಣದ್ದು ಇಲ್ಲಿ ಕಂಡಿತು.

ಅವಳು ಓಡಿದಳು. ನಲವತ್ತಾರರ ಹೆಂಗಸು ಕಾರಿಡಾರಿನಲ್ಲಿ ಓಡುವುದನ್ನು ನೋಡಿ ಗುಡಿಸುವವಳು ಪೊರಕೆ ಎತ್ತಿಕೊಂಡು ದಾರಿ ಬಿಟ್ಟಳು.

ಲ್ಯಾಬಿನ ಮುಖ್ಯಸ್ಥರು ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿದರು.

"ಯಾರ ಸ್ಯಾಂಪಲ್ಲು?"

"ಹದಿನೇಳನೇ ನಂಬರ್ ಸರ್."

"ಭೇಷ್. ಬೇಗ ಪೇಪರ್ ಬರ್ದುಬಿಡಿ. ಇನ್ಯಾರಾದ್ರೂ ಬರ್ದಾರು."

ತಮ್ಮನ ಮಗಳು ಎನ್ನದೆ ತಾನು ನಂಬರ್ ಹೇಳಿದ್ದು ಅವಳಿಗೆ ಹೊಳೆದದ್ದು ಬಾಗಿಲು ದಾಟಿದ ಮೇಲೆ. ನಗು ಬಂತು. ತಮ್ಮನಿಗೆ ಫೋನು ಮಾಡಿದಳು.

ಮಧ್ಯಾಹ್ನ ತಮ್ಮ ಮಗಳನ್ನು ಎತ್ತಿಕೊಂಡೇ ಬಂದ. ಅವಳು ಅವನನ್ನು ಕೂರಲೂ ಬಿಡದೆ ಕಾಗದದ ಮೇಲೆ ಬರೆಯತೊಡಗಿದಳು.

"ಜೀನ್‌ನಿಂದ ಆರ್‌ಎನ್‌ಎ ನಕಲು ತೆಗೀತಾರೆ ಅಂದ್ಕೋ. ನಕಲಲ್ಲಿ ಬೇಡದ್ದೆಲ್ಲ ಇರತ್ತೆ. ಅದನ್ನ ಕತ್ತರಿಸಿ, ಉಳಿದದ್ದನ್ನ ಜೋಡಿಸಿದ ಮೇಲೇ ಪ್ರೊಟೀನ್. ಒಂದೇ ಜೀನು, ಒಂದೊಂದು ಕಡೆ ಒಂದೊಂದು ಥರ ಕತ್ತರಿಸ್ತಾರೆ. ಅದ್ಕೇ ಇಷ್ಟೇ ಇಷ್ಟು ಜೀನ್‌ಗಳಿಂದ ಇಷ್ಟೊಂದು ಥರ ಪ್ರೊಟೀನು!"

"ಯಾರು ಕತ್ತರಿಸ್ತಾರೆ?"

"ಜೀವಕೋಶಾನೇ ಕಣೋ. ಇವಳ ರಕ್ತದಲ್ಲಿ ಸರಿಯಾಗಿ ಕತ್ತರಿಸಿದೆ, ಸ್ನಾಯುವಲ್ಲಿ ಮಾತ್ರ ಒಂದು ತುಂಡು ಬಿಟ್ಟುಬಿಟ್ಟಿದೆ. ಅದರಿಂದ ಪ್ರೊಟೀನಿನ ಒಂದು ತುದಿ ಕೆಟ್ಟಿದೆ. ಪಕ್ಕದ ಪ್ರೊಟೀನನ್ನ ಹಿಡ್ಕೊಳ್ಳೋ ತುದೀನೇ ಅದು! ಎಷ್ಟು ಚೆನ್ನಾಗಿದೆ ನೋಡು!"

ಮಾತು ಜಾರಿತ್ತು. ತಮ್ಮ ಕಾಗದವನ್ನು ಬಿಟ್ಟು ಅವಳನ್ನು ನೋಡಿದ.

"ವಾಸಿ ಆಗತ್ತಾ, ಅಕ್ಕ?"

"ಕಾರಣ ಗೊತ್ತಾಯ್ತಲ್ಲೋ."

"ಅದನ್ನಲ್ಲ ಕೇಳಿದ್ದು."

"ಇವತ್ತೇ ಹೇಗೆ ಹೇಳ್ಲಿ?"

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿದ. ಜೇಬಿಗೆ ಹಾಕಲಿಲ್ಲ, ಮೇಜಿನ ಮೇಲೇ ಇಟ್ಟ. "ಗಾಡಿ ಬಿಸಿಲಲ್ಲಿದೆ, ನೆರಳಿಗೆ ಹಾಕಿ ಬರ್ತೀನಿ" ಎಂದು ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಹೊರಗೆ ಹೋದ.

ಈಗ ದುಃಖವಾಗಬೇಕು ಎಂದುಕೊಂಡಳು. ಒಂದು ಗಳಿಗೆ ಕಾದಳು. ಆಗಲಿಲ್ಲ. ಎದೆಯೊಳಗಿನ ಕುಣಿತ ಹಾಗೇ ಇತ್ತು. ಯಾರಿಗಾದರೂ ತೋರಿಸಲೇಬೇಕಿತ್ತು.

"ಬಾ ಪುಟ್ಟಿ, ನಿನ್ನನ್ನೇ ನಿನಗೆ ತೋರಿಸ್ತೀನಿ."

ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ, ಹೋದ ತಿಂಗಳು ಅದರ ತೊಡೆಯಿಂದ ತೆಗೆದು, ಆ ಪ್ರೊಟೀನು ಹಸಿರಾಗಿ ಹೊಳೆಯುವಂತೆ ಬಣ್ಣ ಹಚ್ಚಿದ್ದ ಸ್ನಾಯುವಿನ ಚೂರನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು.

"ಹಸಿರು ಬಳೆಗಳು!" ಮಗು ಕೂಗಿತು. "ಅತ್ತೆ, ನಾನು ಒಳಗೆ ಇಷ್ಟು ಚೆನ್ನಾಗಿದ್ದೀನಾ?"

"ತುಂಬಾ."

"ಕೆಲವು ಒಡೆದಿವೆ."

"ಎಲ್ಲಿ? ಅದೇ, ಅದೇ ಬೇಕಾಗಿರೋದು! ಒಂಚೂರು ಸರಿ."

ಮಗು ಸರಿಯಿತು. ಅವಳು ಬಗ್ಗಿದಳು. ಒಡೆದ ಬಳೆಗಳು, ಒಂದಾದ ಮೇಲೊಂದು. ಹಿಡಿತ ತಪ್ಪಿದ ಜಾಗಗಳೆಲ್ಲ ತಾನು ಊಹಿಸಿದಲ್ಲೇ ಇದ್ದವು. ಎಲ್ಲೂ ತಪ್ಪಿಲ್ಲ. ಪಕ್ಕದಲ್ಲಿ ಏನೋ ಮೆತ್ತಗೆ ಜಾರಿದ ಸದ್ದು.

"ಅತ್ತೆ."

ದನಿ ನೆಲದ ಕಡೆಯಿಂದ ಬಂದಿತ್ತು.

"ಒಂದ್ನಿಮಿಷ ಪುಟ್ಟಿ."

ಮೇಜಿನ ಅಂಚಿಗೆ ನಾಲ್ಕು ಪುಟ್ಟ ಬೆರಳು ಬಂದದ್ದು ಕಡೆಗಣ್ಣಿಗೆ ಕಂಡಿತು. ಹಿಡಿದವು, ಜಾರಿದವು, ಮತ್ತೆ ಹಿಡಿದವು. ಅವಳು ಮೈಕ್ರೋಸ್ಕೋಪಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಬಳೆಯ ಬಿರುಕು ಇನ್ನೂ ನಿಚ್ಚಳವಾಯಿತು.